ಚಪ್ಪಲಿ ಕಳಚಿ ಹತ್ತುವ ಲಾರಿ

ಸಿಟ್ಟೇ? ನನಗೆಂಥ ಸಿಟ್ಟು, ಕೃಷ್ಣಮೋಹನರೇ? ದನಿ ಏರಿಸಿದ್ದು ನಿಮಗೆ ಸರಿಯಾಗಿ ಕೇಳಿಸಲಿ ಎಂದು. ಕಾನ್ವೆಂಟಿನಲ್ಲಿ ನಮಗೆ ಮೊದಲು ಕಲಿಸಿದ್ದೇ ಅದು, ಹೇಳುವುದು ಕೊನೆಯ ಬೆಂಚಿನವರೆಗೂ ಕೇಳಬೇಕು. ಹಾಗಾಗಿ ಇನ್ನೊಮ್ಮೆ ಹೇಳುತ್ತೇನೆ. ಆ ಕಾಗದ ನಾನು ಬರೆದುಕೊಡುವುದಿಲ್ಲ. ನೀವು ತಂದ ಅರ್ಜಿಯನ್ನು ಮಡಚಿ ಚೀಲದೊಳಗೆ ಇಟ್ಟುಕೊಳ್ಳಿ. ಮೇಜಿನ ಮೇಲೆ ಬೇಡ... ತೆಗೆಯಲಿಕ್ಕಿಲ್ಲವೇ? ಸರಿ, ಅಲ್ಲೇ ಇರಲಿ. ಗಾಳಿಗೆ ಹಾರಿದರೆ ಹೆಕ್ಕುವವಳು ನಾನಲ್ಲ.

ಮೊದಲ ಸಲ ಬಂದಾಗ ನೀವು ಎಂತ ಹೇಳಿದ್ದು, ನೆನಪುಂಟಾ? ಇದೇ ಜಗಲಿ, ಇದೇ ಕುರ್ಚಿ. ಮೈಸೂರಿನಿಂದ ಬಂದಿದ್ದೇನೆ, ಲಾರಿಗಳ ಮೇಲೆ ಬರೆಯುವ ಚಿತ್ರಗಳ ಬಗ್ಗೆ, ಡ್ರೈವರುಗಳ ಜೀವನದ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ ಎಂದಿರಿ. ನಾನು ನಗಲಿಲ್ಲ. ನನ್ನ ಸೊಸೆ ಕುಮುದಿನಿ ಬಾಗಿಲ ಸಂದಿಯಲ್ಲಿ ನಿಂತು ನಕ್ಕಳು, ಅವಳನ್ನು ಒಳಗೆ ಕಳಿಸಿದೆ. ಲಾರಿಯ ಬೆನ್ನಿನ ಮೇಲಿನ ನವಿಲಿಗೆ ಡಾಕ್ಟರೇಟು ಕೊಡುವ ಕಾಲ ಬಂದಿದ್ದರೆ ಬರಲಿ, ನಮಗೆಂತ? ಕಲಿತ ಹುಡುಗ, ಉಗುರು ಕತ್ತರಿಸಿಕೊಂಡಿದ್ದೀರಿ, ಕಾಫಿ ಕುಡಿದ ಲೋಟವನ್ನು ತಟ್ಟೆಯ ಮೇಲೇ ಇಟ್ಟಿರಿ. ಅದಕ್ಕೇ ಕೂರಿಸಿ ಮಾತಾಡಿದೆ. ಕುಂಬ್ರದಲ್ಲಿ ನಿಮಗೆ ಕುರ್ಚಿ ಕೊಟ್ಟ ಮನೆ ಇದೊಂದೇ. ಉಳಿದವರು ಅಂಗಡಿಯ ಬೆಂಚು ತೋರಿಸಿ ಬೀಡಿಯ ಹೊಗೆ ಬಿಟ್ಟರು ಮುಖಕ್ಕೆ.

ಎಷ್ಟು ಹೇಳಿದೆ ಅವತ್ತು! ನಮ್ಮ ಮನೆಯವರು, ಮಹೇಶ್ವರಯ್ಯನವರು, ಐವತ್ತನೆಯ ಇಸವಿಯಲ್ಲಿ ಮೊದಲ ಲಾರಿ ತಂದದ್ದು, ಮಂಗಳೂರಿನಿಂದ ಸುಳ್ಯಕ್ಕೆ ಹಂಚಿನ ಲೋಡು ಹೊಡೆದದ್ದು, ಕೊಲ್ಲಮೊಗ್ರಿನ ಕಾಡಿನ ಅಂಚಿನಿಂದ ಮರ ಇಳಿಸಿದ್ದು. ಐವತ್ತಾರರಲ್ಲಿ ಅವರಿಗೆ ಬಲಗೈ ಬಲಗಾಲು ಬಿದ್ದುಹೋದ ಮೇಲೆ ಲಾರಿಯ ವ್ಯವಹಾರವನ್ನು ಹೆಂಗಸಾಗಿ ನಾನು ನೋಡಿಕೊಂಡದ್ದು. ನಾನು ಹೇಳುತ್ತ ಹೋದೆ, ನೀವು ಬರೆದುಕೊಳ್ಳುತ್ತ ಹೋದಿರಿ. ನಿಮ್ಮ ಅಕ್ಷರ ಕೆಟ್ಟದ್ದು, ಅದನ್ನೂ ಅವತ್ತೇ ಹೇಳಿದೆ.

ಚಿತ್ರಗಳ ವಿಷಯ ನನ್ನ ಅಭಿಪ್ರಾಯ ಈಗಲೂ ಅದೇ. ಒಂದು ವಾಹನಕ್ಕೆ ಬೇಕಾದದ್ದು ನಂಬರು, ಮಾಲೀಕರ ಹೆಸರು, ಒಂದು ಬಣ್ಣ. ನಮ್ಮ ಲಾರಿಯೂ ಹಾಗೇ ಇತ್ತು. ಕಡು ಹಸಿರು, ಬಿಳಿ ಅಕ್ಷರ, ಅಕ್ಷರದ ಗೆರೆ ನಾನೇ ಸ್ಕೇಲು ಇಟ್ಟು ಎಳೆದುಕೊಟ್ಟದ್ದು. ಆಮೇಲೆ ಸುಂದರ ಬಂದ. ಡ್ರೈವರು ಸುಂದರ, ಇಚಿಲಂಪಾಡಿಯವ, ಆಳು ತೆಳ್ಳಗೆ, ಮಾತು ಕಡಿಮೆ. ಮೊದಲ ಆಯುಧಪೂಜೆಗೆ ಲಾರಿ ತೊಳೆದು ತರುತ್ತೇನೆಂದು ಹೋದವ, ತರುವಾಗ ಲಾರಿಯ ಹಣೆಯ ಮೇಲೆ ಎರಡು ಕಣ್ಣು! ಇಷ್ಟಿಷ್ಟು ದೊಡ್ಡದು, ರೆಪ್ಪೆ, ಕಾಡಿಗೆ ಸಮೇತ. ನನಗೆ ಮೈ ಉರಿಯಿತು. ಇದೆಂತ ವೇಷ ಎಂದು ಕೇಳಿದೆ. ಕಣ್ಣಿಲ್ಲದ ಗಾಡಿ ದಾರಿ ಹೇಗೆ ನೋಡುದು ಅಮ್ಮ ಎಂದು ನನ್ನನ್ನೇ ಕೇಳಿದ. ನಾನು ಬೈದೆ, ಮನೆಯವರು ನಕ್ಕರು, ಕಣ್ಣು ಉಳಿಯಿತು. ಮರುವರ್ಷ ಹಿಂದಿನ ಹಲಗೆಗೆ ಒಂದು ತಾವರೆ ಬಂತು, ಅದರ ಮರುವರ್ಷ ತಾವರೆಯ ಎರಡೂ ಬದಿಗೆ ಹಂಸ. ಹಂಸದ ಕುತ್ತಿಗೆ ಹಾವಿನ ಹಾಗೆ. ನೀವು ಅದನ್ನು ಸೌಂದರ್ಯಪ್ರಜ್ಞೆ ಎಂದು ಬರೆದುಕೊಂಡಿರಿ. ನಾನು ಕಾನ್ವೆಂಟಿನಲ್ಲಿ ನಾಲ್ಕು ವರ್ಷ ಚಿತ್ರ ಕಲಿತವಳು, ಹಂಸದ ಕುತ್ತಿಗೆ ಹೇಗಿರುತ್ತದೆಂದು ನನಗೆ ಗೊತ್ತುಂಟು.

ಚಪ್ಪಲಿಯ ವಿಷಯ ಹೇಳಿದ್ದೂ ನಾನೇ. ಹೌದು, ಎರಡನೆಯ ಸಲ ಬಂದಾಗ. ಈ ಡ್ರೈವರುಗಳು ಲಾರಿ ಹತ್ತುವಾಗ ಚಪ್ಪಲಿ ಕಳಚಿ ಸೀಟಿನ ಕೆಳಗೆ ತಳ್ಳುತ್ತಾರೆ, ಬರಿಗಾಲಲ್ಲೇ ಓಡಿಸುತ್ತಾರೆ ಎಂದೆ. ಲಾರಿಯೇನು ಗುಡಿಯೇ ಎಂದು ನಾನು ಸುಂದರನನ್ನು ಕೇಳಿದ್ದುಂಟು. ಗುಡಿ ಅಂತ ಮಾತ್ರ ಅಲ್ಲ ಅಮ್ಮ, ಬರಿಗಾಲಿಗೆ ಗಾಡಿಯ ಜೀವ ಗೊತ್ತಾಗ್ತದೆ, ಎಷ್ಟು ಒತ್ತಬೇಕು ಎಷ್ಟು ಬಿಡಬೇಕು ಅಂತ ಕಾಲೇ ಹೇಳ್ತದೆ ಎಂದ. ಯಾರನ್ನೂ ಚಪ್ಪಲಿ ಹಾಕಿ ತನ್ನ ಜಾಗದಲ್ಲಿ ಕೂರಲು ಬಿಡುತ್ತಿರಲಿಲ್ಲ. ಸಾಕ್ಷಾತ್ ಮಹೇಶ್ವರಯ್ಯನವರೂ ಕಳಚಿಯೇ ಹತ್ತಿದ್ದಾರೆ. ಅದೂ ಬರೆದುಕೊಂಡಿರಿ, ಗೆರೆ ಬೇರೆ ಎಳೆದಿರಿ ಅಡಿಗೆ. ನಾನು ನೋಡಿದೆ.

ಅಲ್ಲಿಗೆ ನಿಲ್ಲಿಸಬೇಕಿತ್ತು ನೀವು. ಒಂದು ಮನೆಯ ಕಾಫಿ ಕುಡಿದು, ಆ ಮನೆಯ ಸುದ್ದಿಯನ್ನು ಇನ್ನೊಂದು ಕಡೆ ಹೋಗಿ ಕೇಳುವುದು ಯಾವ ವಿದ್ಯೆ? ಕಡಬದ ಪೇಟೆಯಲ್ಲಿ ಲಾರಿ ನಿಲ್ಲುವಲ್ಲಿ ಎರಡು ದಿನ ಕೂತಿದ್ದಿರಂತೆ. ಇಚಿಲಂಪಾಡಿಗೆ ನಡೆದುಕೊಂಡು ಹೋದಿರಂತೆ. ಸುಂದರ ಈಗ ಮುರಕಲ್ಲಿನ ಕೋರೆಯಲ್ಲಿ ಕಲ್ಲು ಹೊರುತ್ತಾನೆ, ಅವನ ಬೆನ್ನು ಬಾಗಿದೆ, ಅವನ ಹೆಂಡತಿ ಅಕ್ಕು ನಿಮಗೆ ಗಂಜಿ ಬಡಿಸಿದಳು... ಇದನ್ನೆಲ್ಲ ನನಗೆ ಯಾಕೆ ಹೇಳುದು? ನಾನು ಕೇಳಿದೆನಾ?

ಅವನೇ ಕಳಿಸಿದನೋ ಈ ಅರ್ಜಿಯನ್ನು? ತಲೆ ಆಡಿಸಬೇಡಿ, ಬಾಯಲ್ಲಿ ಹೇಳಿ... ಅವನಿಗೆ ಗೊತ್ತೇ ಇಲ್ಲವೇ? ಬರೆಸಿ ಅವನ ಹೆಬ್ಬೆಟ್ಟು ಒತ್ತಿಸಿದ್ದು ನೀವೇ, ಇಲ್ಲಿಗೆ ತಂದದ್ದು ಮಾತ್ರ ಅವನಿಗೆ ಗೊತ್ತಿಲ್ಲ. ಚೆನ್ನಾಯಿತು. ಲೈಸೆನ್ಸಿನ ಆಫೀಸಿನವರು ಹಳೆಯ ಮಾಲೀಕರ ಕಾಗದ ಇಲ್ಲದೆ ಮುಟ್ಟುವುದಿಲ್ಲ ಎಂದರಂತೆ. ಎರಡು ಸಾಲು ಸಾಕಂತೆ. ಅವನು ಕುಡುಕನಲ್ಲ ಎಂದು ನಾನು ಬರೆದರೆ ಅವನಿಗೆ ಸ್ಟಿಯರಿಂಗು ಮತ್ತೆ ಸಿಗುತ್ತದೆ, ಬರೆಯದಿದ್ದರೆ ಸಾಯುವವರೆಗೆ ಕಲ್ಲು ಹೊರುತ್ತಾನೆ. ಇಷ್ಟೇ ಅಲ್ಲವೇ? ನೀವು ಮೊದಲ ಸಲ ಹೇಳಿದಾಗಲೇ ನನಗೆ ಅರ್ಥವಾಗಿದೆ. ನಾನು ದಡ್ಡಿಯಲ್ಲ.

ಆದರೆ ನಾನು ಹಾಗೆ ಹೇಗೆ ಬರೆಯಲಿ? ನೀವೇ ಹೇಳಿ, ಕಲಿತವರು. ಐವತ್ತೆಂಟರಲ್ಲಿ ಇದೇ ಕೈಯಿಂದ ಕೋರ್ಟಿಗೆ ಬರೆದುಕೊಟ್ಟಿದ್ದೇನೆ. ಇಂಗ್ಲಿಷಿನಲ್ಲಿ, ಒಂದು ಪುಟ. ಡ್ರೈವರ್ ಸುಂದರನಿಗೆ ಕುಡಿತದ ಅಭ್ಯಾಸವುಂಟು, ಎರಡು ಸಲ ಎಚ್ಚರಿಸಿದ್ದೆ ಎಂದು. ಮ್ಯಾಜಿಸ್ಟ್ರೇಟರು ಓದಿ, ಎಷ್ಟು ಚಂದದ ಅಕ್ಷರ ಎಂದರಂತೆ. ನಮ್ಮ ವಕೀಲರು ಆಮೇಲೆ ಹೇಳಿದರು. ಆರು ವರ್ಷದ ಮೇಲೆ ಅದೇ ಅಕ್ಷರದಲ್ಲಿ, ಇಲ್ಲ, ಅವನು ಕುಡಿಯುವವನಲ್ಲ ಎಂದು ಬರೆಯಬೇಕೇ? ನನ್ನ ಮಾತಿಗೆ ಬೆಲೆ ಎಂತ ಉಳಿಯಿತು? ಈ ಊರಿನಲ್ಲಿ ವಸುಮತಿಯಮ್ಮ ಹೇಳಿದರೆ ಮುಗಿಯಿತು ಎನ್ನುತ್ತಾರೆ. ಎರಡು ದಾಯಾದಿಗಳು ಬೇಲಿಗೆ ಜಗಳವಾಡಿದರೂ ನನ್ನಲ್ಲಿಗೆ ಬರುತ್ತಾರೆ.

ಕುಡಿಯುತ್ತಿದ್ದನೋ ಇಲ್ಲವೋ ಎಂದು ನನ್ನನ್ನೇಕೆ ನೋಡುತ್ತೀರಿ? ಎಲ್ಲ ಡ್ರೈವರುಗಳೂ ಕುಡಿಯುತ್ತಾರೆ. ಘಾಟಿ ಹತ್ತಿಳಿಯುವವರು, ಚಳಿ, ಮೈಕೈ ನೋವು... ಹೌದು, ಕಡಬದ ಹೋಟೆಲಿನವ ಹಾಗೆ ಹೇಳಿರಬಹುದು. ಕಳ್ಳು ಕೊಟ್ಟರೂ ಮುಟ್ಟದವ, ಕಳ್ಳಿನ ಗಡಂಗಿನ ಎದುರು ನಿಲ್ಲಿಸಿದರೆ ಲಾರಿಯಲ್ಲೇ ಕೂತು ಬೆಲ್ಲ ನೀರು ಕುಡಿಯುವವ ಎಂದು. ಹೋಟೆಲಿನವನ ಮಾತು ಪ್ರಮಾಣವೋ, ನನ್ನದೋ? ಅದನ್ನು ಬರೆಯಬೇಡಿ. ಬರೆಯಬೇಡಿ ಎಂದೆ, ಪೆನ್ಸಿಲು ಕೆಳಗಿಡಿ!

ಆ ದಿನ ಆದದ್ದನ್ನು ನಾನೇ ಹೇಳುತ್ತೇನೆ, ಬೇರೆಯವರ ಬಾಯಿಂದ ಬೇಡ. ಫೆಬ್ರವರಿ ತಿಂಗಳು, ಮಧ್ಯಾಹ್ನ ಊಟದ ಹೊತ್ತು ಕಳೆದಿತ್ತು. ಲಾರಿ ಸುಳ್ಯದಲ್ಲಿ ಹಂಚು ಇಳಿಸಿ ಖಾಲಿ ಬರುತ್ತಿತ್ತು. ಕ್ಲೀನರು ನೆಂಟರ ಮದುವೆಗೆಂದು ಸುಳ್ಯದಲ್ಲೇ ಉಳಿದಿದ್ದ, ಸುಂದರನೊಬ್ಬನೇ. ಕಾವು ಪೇಟೆ ದಾಟಿ ಕುಂಬ್ರಕ್ಕೆ ಬರುವ ಇಳಿಜಾರಿನಲ್ಲಿ ತಿರುವೊಂದುಂಟಲ್ಲ, ಅಲ್ಲಿ ರಸ್ತೆಯ ಕೆಲಸ ನಡೆದಿತ್ತು, ಬದಿಯಲ್ಲಿ ಜಲ್ಲಿ ಒಡೆಯುತ್ತಿದ್ದರು. ಲಾರಿ ರಸ್ತೆ ಬಿಟ್ಟು ಜಲ್ಲಿಯ ರಾಶಿಗೆ ನುಗ್ಗಿತು. ಚೆನ್ನು ಎಂಬ ಹೆಂಗಸು ಸತ್ತಳು. ಸುಂದರ ತಾನೇ ಪೊಲೀಸರಿಗೆ ಹೇಳಿದ, ನಾನೇ ಓಡಿಸಿದ್ದು, ನನ್ನದೇ ತಪ್ಪು ಎಂದು. ಯಾರೂ ಹೊಡೆದು ಹೇಳಿಸಿದ್ದಲ್ಲ. ಒಂದು ವರ್ಷ ಜೈಲಾಯಿತು, ಲೈಸೆನ್ಸು ಹೋಯಿತು. ನಾನು ಈ ಜಗಲಿಯಲ್ಲಿ, ಇದೇ ಕುರ್ಚಿಯಲ್ಲಿ ಕೂತು ದಿಂಬಿನ ಚೀಲಕ್ಕೆ ಕಸೂತಿ ಹಾಕುತ್ತಿದ್ದೆ. ಸಂಜೆಗೆ ಪೊಲೀಸಿನವರು ಬಂದು ಹೇಳಿದಾಗಲೇ ಗೊತ್ತಾದದ್ದು.

ಪಾಪ, ಆ ಹೆಂಗಸು. ನನಗೆ ಕನಿಕರ ಇಲ್ಲ ಎಂದುಕೊಳ್ಳಬೇಡಿ. ಅವಳು ಬಿಸಿಲಿಗೆ ಒಂದು ತಟ್ಟಿ ಕಟ್ಟಿಕೊಂಡು, ಅದರ ನೆರಳಿನಲ್ಲಿ ಕಾಲು ಚಾಚಿ ಕೂತಿದ್ದಳು. ತಲೆಗೆ ಬಿಸಿಲಿಗೆಂದು ಸುತ್ತಿದ ಕೆಂಪು ಬೈರಾಸು. ಸುತ್ತಿಗೆ ಎತ್ತಿದ್ದಳು, ಇಳಿಸಿರಲಿಲ್ಲ. ತಲೆ ಎತ್ತಿ ನೋಡಲೂ ಇಲ್ಲ ಅವಳು. ದಿನಕ್ಕೆ ಐದಾರು ಲಾರಿ ಹೋಗುವ ರಸ್ತೆ, ಇದೂ ಒಂದು ಎಂದು...

ಎಂತ? ಯಾಕೆ ಹಾಗೆ ನೋಡುದು?

ಕೇಳಿದ್ದು ಮಾರಾಯ್ರೆ. ಊರೆಲ್ಲ ಹೇಳುತ್ತಿತ್ತು. ಯಾರೋ ನೋಡಿದವರು ಹೇಳಿರಬಹುದು... ಯಾರು ಎಂದರೆ? ಅಲ್ಲಿ ಬೇರೆ ಯಾರೂ ಇರಲಿಲ್ಲ, ಉಳಿದ ಹೆಂಗಸರು ಗಂಜಿಗೆ ಹೋಗಿದ್ದರು, ಅದು ನನಗೂ ಗೊತ್ತುಂಟು. ಹಾಗಾದರೆ ಸುಂದರನೇ ಹೇಳಿರಬೇಕು. ಕೋರ್ಟಿನಲ್ಲಿ. ಇಲ್ಲ, ಅವನು ಕೋರ್ಟಿನಲ್ಲಿ ನಾಲ್ಕು ಮಾತಿಗಿಂತ ಹೆಚ್ಚು ಆಡಲಿಲ್ಲ. ಆರು ವರ್ಷದ ಹಿಂದಿನ ಮಾತು, ಯಾರು ಹೇಳಿದರೆಂದು ಪಟ್ಟಿ ಇಟ್ಟುಕೊಳ್ಳಲು ನಾನೇನು ನಿಮ್ಮ ಹಾಗೆ ಸಂಶೋಧಕಳೇ?

ಕುಮುದಿನೀ, ಅಲ್ಲಿ ಬಾಗಿಲ ಹತ್ತಿರ ಎಂತ ಕೆಲಸ ನಿನಗೆ? ಒಳಗೆ ಹೋಗು. ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೋ.

ನೀವು ಬಾಯಿ ಬಿಡುದಿಲ್ಲ, ಅದೇ ನಿಮ್ಮ ಜಾಣತನ. ಮೊದಲೆರಡು ಸಲ ಪ್ರಶ್ನೆಯ ಮೇಲೆ ಪ್ರಶ್ನೆ, ಕಣ್ಣು ಬರೆದವ ಯಾರು, ಬಣ್ಣ ಎಲ್ಲಿಯದು, ಹಂಸ ಯಾಕೆ ಎರಡು. ಇವತ್ತು ಅರ್ಜಿ ಇಟ್ಟು ಸುಮ್ಮನೆ ಕೂತಿದ್ದೀರಿ. ಇದೂ ಕಾಲೇಜಿನಲ್ಲಿ ಕಲಿಸುತ್ತಾರೋ? ಕಾನ್ವೆಂಟಿನಲ್ಲಿ ಸಿಸ್ಟರ್ ಬೆನೆಡಿಕ್ಟಾ ಹೀಗೆ ಮಾಡುತ್ತಿದ್ದರು. ಯಾರಾದರೂ ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ. ಎದುರು ನಿಲ್ಲಿಸಿಕೊಂಡು ಜಪಮಾಲೆ ಎಣಿಸುತ್ತ ಕೂರುತ್ತಿದ್ದರು. ಹತ್ತು ಮಣಿ ದಾಟುವ ಮೊದಲು ಹುಡುಗಿಯರು ಅಳುತ್ತಿದ್ದರು. ನಾನು ಅತ್ತವಳಲ್ಲ. ಒಮ್ಮೆ ಮಾಲೆ ಪೂರ್ತಿ ಮುಗಿಯಿತು, ನಾನು ಹಾಗೇ ನಿಂತಿದ್ದೆ. ತಪ್ಪು ನನ್ನದಾಗಿತ್ತು, ಪೆಟ್ಟು ಬೇರೆಯವಳಿಗೆ ಬಿತ್ತು... ಅದು ಬೇರೆ ಕತೆ, ಬಿಡಿ.

ಕಣ್ಣು ಅಳಿಸಿದ್ದು ಯಾಕೆಂದು ಅಲ್ಲವೇ ನಿಮ್ಮ ಪುಸ್ತಕದಲ್ಲಿ ಉಳಿದ ಪ್ರಶ್ನೆ? ಬರೆದುಕೊಳ್ಳಿ. ಕೇಸು ಮುಗಿದ ಮೇಲೆ ಲಾರಿ ಮಾರಿದೆ. ಪುತ್ತೂರಿನ ಸಮದ್ ತೆಗೆದುಕೊಂಡ. ಕೊಡುವ ಮೊದಲು ಕಣ್ಣಿನ ಮೇಲೆ ಹಸಿರು ಬಣ್ಣ ಹೊಡೆಸಿದೆ. ಸಮದನೇ ಕೇಳಿಕೊಂಡ, ಅಮ್ಮ, ಆ ಕಣ್ಣು ನಮಗೆ ಬೇಡ ಎಂದು. ಅಷ್ಟೇ.

...ಸಮದನನ್ನೂ ಕಂಡಿರಾ?

ಬೇಡ ಎನ್ನಲಿಲ್ಲವಂತೆಯೇ ಅವನು? ಬದಲು ಬೇಸರ ಮಾಡಿಕೊಂಡನಂತೆಯೇ, ಒಳ್ಳೆಯ ಕಣ್ಣಿತ್ತು, ಅಳಿಸಿ ಕೊಟ್ಟರು ಎಂದು? ನೀವು ಹೇಳಲಿಲ್ಲ, ಸರಿ. ನಿಮ್ಮ ಮುಖ ಹೇಳುತ್ತದೆ. ಹಾಗಾದರೆ ನಾನೇ ಅಳಿಸಿದೆ ಎಂದಿಟ್ಟುಕೊಳ್ಳಿ. ನನ್ನ ಲಾರಿ, ನನ್ನ ಬಣ್ಣ. ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಆ ಎರಡು ಕಣ್ಣು ಅಂಗಳದಲ್ಲಿ ನನ್ನನ್ನೇ ನೋಡುತ್ತಿದ್ದವು. ರಾಶಿಗೆ ನುಗ್ಗಿದ್ದಕ್ಕೆ ಒಂದರ ರೆಪ್ಪೆ ಕೆತ್ತಿಹೋಗಿ ಅದು ಮುಚ್ಚುವುದೇ ಇಲ್ಲ ಎಂಬ ಹಾಗೆ. ಯಾರಿಗಾದರೂ ಕಿರಿಕಿರಿ ಆಗುದಿಲ್ಲವೇ?

ಈಗ ನನ್ನ ಕಾಲು ಯಾಕೆ ನೋಡುತ್ತಿದ್ದೀರಿ? ದೊಡ್ಡವರ ಕಾಲು ನೋಡುವುದು ನಮಸ್ಕಾರ ಮಾಡುವಾಗ ಮಾತ್ರ. ಬರಿಗಾಲೇ, ಹೌದು. ಮನೆಯೊಳಗೆ ಮತ್ತೆ ಹೇಗಿರಬೇಕು? ಹೊರಗೂ ಬರಿಗಾಲಲ್ಲೇ ಹೋಗುತ್ತೇನೆ, ಪುತ್ತೂರಿನ ಬಸ್ಸಿಗೂ. ಡಾಕ್ಟರು ಹೇಳಿದ್ದಾರೆ, ಊತ ಬರುತ್ತದೆ ಎಂದು. ಯಾವ ಡಾಕ್ಟರು ಎಂದು ಹೋಗಿ ಕೇಳುತ್ತೀರೇನೋ. ನೀವು ಕೇಳುವವರೇ.

ಓ, ಅದೂ ಸಿಕ್ಕಿತೋ ಕಿವಿಗೆ? ಶೂಸಿನಮ್ಮ. ಹಿಂದೆ ನನ್ನನ್ನು ಈ ಪೇಟೆಯಲ್ಲಿ ಹಾಗೇ ಕರೆಯುತ್ತಿದ್ದದ್ದು. ಬೆನ್ನ ಹಿಂದೆ, ಎದುರಿಗೆ ಧೈರ್ಯ ಯಾರಿಗಿತ್ತು? ಸೀರೆಯ ಕೆಳಗೆ ಶೂಸು ಹಾಕುವ ಹೆಂಗಸು ಕುಂಬ್ರದಿಂದ ಸುಳ್ಯದವರೆಗೆ ನಾನೊಬ್ಬಳೇ. ಏಳನೆಯ ವಯಸ್ಸಿನಿಂದ ಅಭ್ಯಾಸ ಆದದ್ದು, ಬರಿಗಾಲಲ್ಲಿ ತರಗತಿಗೆ ಬಂದವರನ್ನು ಕಾನ್ವೆಂಟಿನಲ್ಲಿ ಹೊರಗೆ ನಿಲ್ಲಿಸುತ್ತಿದ್ದರು. ಮದುವೆಯಾಗಿ ಬಂದ ದಿನ ಅತ್ತೆ ಹೊಸಿಲಲ್ಲಿ ಕಳಚಿಸಿದರು, ಮರುದಿನ ನಾನು ಮತ್ತೆ ಹಾಕಿ ಅಂಗಳಕ್ಕಿಳಿದೆ. ಮಂಗಳೂರಿನಲ್ಲಿ ಅಳತೆ ಕೊಟ್ಟು ಹೊಲಿಸುತ್ತಿದ್ದೆ, ವರ್ಷಕ್ಕೊಂದು ಜೊತೆ.

ಚೀಲದಲ್ಲಿ ಎಂತ ಹುಡುಕುತ್ತಿದ್ದೀರಿ? ಇನ್ನೊಂದು ಅರ್ಜಿಯೋ?

ಫೋಟೊ. ಸರಿ, ಕೊಡಿ ಇಲ್ಲಿ. ಲಾರಿಯ ಹಿಂಭಾಗ. ಇದನ್ನು ನೋಡಲಿಕ್ಕೇ ನಿಮಗೆ ಸಂಬಳವೋ? ಹೌದು, ಗುರುತು ಸಿಕ್ಕಿತು, ನಮ್ಮ ಹಳೆಯ ಲಾರಿಯೇ. ತಾವರೆ ಉಳಿಸಿಕೊಂಡಿದ್ದಾನೆ ಸಮದ್, ಹಂಸವೂ ಉಂಟು. ಬದಿಗೆ ಚಂದ್ರ, ನಕ್ಷತ್ರ ಬರೆಸಿದ್ದಾನೆ. ತಾವರೆಗೂ ನಕ್ಷತ್ರಕ್ಕೂ ಜಗಳ ಇದ್ದ ಹಾಗಿಲ್ಲ. ಕೆಳಗೆ ದೃಷ್ಟಿ ಆಗದಿರಲಿ ಎಂದು ಏನೋ ತೂಗಹಾಕಿದ್ದಾನೆ. ಎಲ್ಲರೂ ಹಾಕುತ್ತಾರೆ, ಹಳೆಯ ಚಪ್ಪಲಿ, ಕರಿದಾರ. ನೀವೇ ಹೇಳಿದ್ದಿರಿ, ಒಂದೊಂದು ಚಪ್ಪಲಿ ಎಲ್ಲಿಂದ ಬಂತು, ಯಾರದಾಗಿತ್ತು ಎಂದು ಕೇಳಿ ಬರೆದುಕೊಳ್ಳುತ್ತೇನೆ ಎಂದು. ಅವತ್ತು ನನಗೆ ನಗು ಬಂದಿತ್ತು. ಇದರಲ್ಲಿ ಎಂತ ಕಾಣುತ್ತದೆ? ಒಂದು ಕರಿ ಮುದ್ದೆ, ದಾರದ ತುದಿಯಲ್ಲಿ. ಬಲಗಾಲಿನ ಒಂದು ಹಳೆಯ ಶೂಸು ತೂಗಹಾಕಿದರೆ ಅದಕ್ಕಾಗಿ ನೀವು ಪುತ್ತೂರಿನಿಂದ ಇಲ್ಲಿಗೆ...

...

ಮಾತಾಡಿ.

ಚಪ್ಪಲಿಯೋ ಶೂಸೋ ಫೋಟೊದಲ್ಲಿ ಗೊತ್ತಾಗುದಿಲ್ಲ. ಹೌದು. ಎಡವೋ ಬಲವೋ ಅದೂ ಗೊತ್ತಾಗುದಿಲ್ಲ. ನೀವೂ ಹೇಳಲಿಲ್ಲ. ಮಾತಾಡಿ ಮಾರಾಯ್ರೆ, ಎಂತಾದರೂ ಒಂದು ಮಾತು ಹೇಳಿ. ಅಂಗಳದಲ್ಲಿ ಕಾಗೆಯಾದರೂ ಕೂಗಬಾರದೇ?

ಎಲ್ಲಿ ಸಿಕ್ಕಿತಂತೆ ಅವನಿಗೆ? ಕಾಲಿಡುವ ಹಲಗೆ ಬದಲಿಸುವಾಗ, ಅಲ್ಲವೇ? ಹಲಗೆಯ ಅಡಿಯ ತಗಡಿನಲ್ಲಿ. ಯಾರದೋ ಹಳೆಯ ಶೂಸು, ಒಂಟಿ, ಯಾರ ಉಪಯೋಗಕ್ಕೂ ಇಲ್ಲ, ದೃಷ್ಟಿಗೆ ಒಳ್ಳೆಯದು ಎಂದು ಕಟ್ಟಿದ. ಪಾಪದವ, ಅವನಿಗೆಂತ ಗೊತ್ತು? ನಾನು ಹುಡುಕಿದ್ದೆ. ಪೊಲೀಸರು ಲಾರಿ ಬಿಟ್ಟುಕೊಟ್ಟ ದಿನ, ಲಾಟೀನು ಹಿಡಿದು ಸೀಟಿನ ಕೆಳಗೆಲ್ಲ ಕೈಹಾಕಿ ತಡಕಿದೆ. ಹಲಗೆ ಎಬ್ಬಿಸಲು ಗೊತ್ತಾಗಲಿಲ್ಲ. ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು ಎಂದು ಸಮಾಧಾನ ಮಾಡಿಕೊಂಡೆ. ಆರು ವರ್ಷ ಅದು ಈ ರಸ್ತೆಯಲ್ಲಿ ಹೋಗಿ ಬಂದು ಮಾಡಿದೆ. ನನ್ನ ಜಗಲಿಯ ಎದುರೇ.

ಕಸೂತಿ ಹಾಕುತ್ತಿರಲಿಲ್ಲ ನಾನು.

ಜಾಲ್ಸೂರಿನಲ್ಲಿ ನಮ್ಮ ನೆಂಟರಲ್ಲಿ ಮಗುವಿಗೆ ಹೆಸರಿಡುವುದಿತ್ತು. ಹಿಂತಿರುಗುವಾಗ ಬಸ್ಸು ತಪ್ಪಿತು. ನಮ್ಮ ಲಾರಿ ಬಂತು, ಕೈ ತೋರಿಸಿದೆ, ಹತ್ತಿದೆ. ಕಾವಿನವರೆಗೆ ಸುಮ್ಮನೆ ಕೂತಿದ್ದೆ. ರಸ್ತೆ ಖಾಲಿ. ತವರಿನಲ್ಲಿ ಅಣ್ಣನ ಕಾರು ಓಡಿಸಿದವಳು ನಾನು. ಮದುವೆಯ ಮೊದಲು, ಚೆನ್ನಾಗಿಯೇ ಓಡಿಸುತ್ತಿದ್ದೆ. ಲಾರಿಯ ಯಜಮಾನಿ ಎಂದು ಹೇಳಿಸಿಕೊಳ್ಳುವುದು, ಲಾರಿ ಓಡಿಸಲು ಮಾತ್ರ ಬಾರದು ಎಂದರೆ ಹೇಗೆ? ಕೊಡು ಇಲ್ಲಿ ಎಂದೆ. ಬೇಡ ಅಮ್ಮ ಎಂದ. ಎರಡನೆಯ ಸಲ ಕೇಳಿದೆ, ಬೇಡ ಎಂದ. ಮೂರನೆಯ ಸಲ ನಾನು ಕೇಳಲಿಲ್ಲ, ಇಳಿ ಎಂದೆ. ಅವನು ಇಳಿದ. ಇಳಿದು ಆಚೆಯಿಂದ ಸುತ್ತಿ ಬಂದು, ನನ್ನ ಕಾಲು ನೋಡಿ ಒಂದೇ ಮಾತು ಹೇಳಿದ: "ಹಾಗಾದರೆ ಅದನ್ನು ಕಳಚಿ ಕೂತುಕೊಳ್ಳಿ ಅಮ್ಮ. ಇಲ್ಲಿ ಹಲಗೆ ಒಂದು ಮುರಿದುಂಟು."

ಅಷ್ಟೇ ಹೇಳಿದ್ದು. ಮುರಿದಲ್ಲಿಗೆ ಗೋಣಿ ಹಾಸಿದ್ದ. ಬರಿಗಾಲಿನವನಿಗೆ ಅಷ್ಟು ಸಾಕಿತ್ತು. ನಾನು ಎಂತ ಹೇಳಿದೆ ಗೊತ್ತುಂಟಾ? ಇದು ನಿನ್ನ ಚಪ್ಪಲಿಯಲ್ಲ, ನನಗೆ ಬರಿಗಾಲು ಅಭ್ಯಾಸ ಇಲ್ಲ ಎಂದೆ.

ಇಳಿಜಾರು ಬಂದಾಗ ಶೂಸಿನ ಹಿಮ್ಮಡಿ ಗೋಣಿ ಹರಿದು ಹಲಗೆಯ ಸಂದಿಗೆ ಇಳಿಯಿತು. ಎತ್ತಲು ಆಗಲಿಲ್ಲ. ಎತ್ತಬೇಕೆಂದು ಎಳೆದಷ್ಟೂ ಬೆರಳು ಮುಂದಿನ ಆಕ್ಸಿಲರೇಟರಿಗೆ ಒತ್ತಿಕೊಂಡಿತು, ಲಾರಿ ಇನ್ನೂ ಜೋರಾಯಿತು. ಸುಂದರ ಕೈ ಚಾಚಿ ಸ್ಟಿಯರಿಂಗು ಹಿಡಿದ. ಆಗ ಕಂಡಳು. ಕೆಂಪು ಬೈರಾಸು. ನಾನು ಹಾರ್ನು ಒತ್ತಲಿಲ್ಲ. ಅದು ಎಲ್ಲಿದೆಯೆಂದೇ ನನಗೆ ಗೊತ್ತಿರಲಿಲ್ಲ, ಕೃಷ್ಣಮೋಹನರೇ. ಎಂಟು ವರ್ಷ ನಮ್ಮದಾಗಿದ್ದ ಲಾರಿ.

ಕಾಲು ಎಳೆದುಕೊಂಡು ಇಳಿದೆ, ಶೂಸು ಒಳಗೇ ಉಳಿಯಿತು. ಅವನು ಅವಳ ಹತ್ತಿರ ಹೋಗಿ ಬಗ್ಗಿ ನೋಡಿದ. ನೋಡಿ ನನ್ನ ಹತ್ತಿರ ಬಂದ. ನೀವು ಗುಡ್ಡೆಯ ದಾರಿಯಲ್ಲಿ ಮನೆಗೆ ಹೋಗಿ ಅಮ್ಮ, ಧನಿಗಳಿಗೆ ಮೊದಲೇ ಮೈ ಸರಿ ಇಲ್ಲ ಎಂದ. ನಾನು ಹೋದೆ. ಬೇಡ ಎನ್ನಲಿಲ್ಲ. ಒಂದು ಕಾಲಿಗೆ ಶೂಸು, ಒಂದು ಕಾಲು ಬರಿದು. ಮನೆಗೆ ಬಂದು ಎಡಗಾಲಿನದನ್ನು ಬಚ್ಚಲ ಒಲೆಗೆ ಹಾಕಿದೆ. ಚರ್ಮ ಸುಟ್ಟ ವಾಸನೆ ಎರಡು ದಿನ ಹೋಗಲಿಲ್ಲ. ಮಲಗಿದ್ದಲ್ಲಿಂದ ಮನೆಯವರು ಕೇಳಿದರು, ಎಂತ ಸುಡುತ್ತಿದ್ದೀ ಎಂದು. ಹಳೆಯದೊಂದು ಎಂದೆ. ಅವರು ಮತ್ತೆ ಕೇಳಲಿಲ್ಲ. ಸಾಯುವವರೆಗೂ ಕೇಳಲಿಲ್ಲ.

ಡ್ರೈವರನಿಗೆ ಕುಡಿತವುಂಟು ಎಂದು ಮಾಲೀಕರೇ ಹೇಳಿದರೆ ಕೇಸು ಬೇಗ ಮುಗಿಯುತ್ತದೆ, ಹೆಚ್ಚು ಕೆದಕುವುದಿಲ್ಲ ಎಂದರು ವಕೀಲರು. ಬರೆದೆ. ಒಂದು ಅಕ್ಷರ ತಿದ್ದದೆ ಬರೆದೆ. ಕೋರ್ಟಿನಲ್ಲಿ ಅದನ್ನು ಕನ್ನಡದಲ್ಲಿ ಓದಿ ಹೇಳಿದಾಗ ಅವನು ತಲೆ ಎತ್ತಿ ನನ್ನ ಕಡೆ ನೋಡಿದನಂತೆ. ನನಗೆ ಗೊತ್ತಿಲ್ಲ. ನಾನು ಆಗ ಕಿಟಕಿಯ ಹೊರಗೆ ನೋಡುತ್ತಿದ್ದೆ. ಜೈಲಿಗೆ ಹೋಗುವುದನ್ನು ಅವನು ಒಪ್ಪಿಕೊಂಡಿದ್ದ, ಕುಡುಕ ಎನ್ನಿಸಿಕೊಳ್ಳುವುದನ್ನು ಒಪ್ಪಿರಲಿಲ್ಲ. ಅದನ್ನು ಅವನಲ್ಲಿ ಯಾರೂ ಕೇಳಿರಲೇ ಇಲ್ಲ.

ಮತ್ತೆ ನಿಮಗೂ ಅವನು ಏನೂ ಹೇಳಲಿಲ್ಲ. ಅಲ್ಲವೇ? ಶೂಸಿನ ಫೋಟೊ ತೋರಿಸಿದಿರಾ ಅವನಿಗೆ? ನೋಡಿ ಎಂತ ಮಾಡಿದ? ಮಡಚಿ ನಿಮ್ಮ ಕಿಸೆಯಲ್ಲೇ ಇಟ್ಟನೇ... ಈ ಫೋಟೊದ ನಡುವಿನ ಗೆರೆ ಅದೇ ಇರಬೇಕು.

ಬೇಡ, ಪೆನ್ಸಿಲು ನನ್ನ ಕಡೆ ತಳ್ಳಬೇಡಿ. ಇಂಥದ್ದನ್ನು ಪೆನ್ಸಿಲಿನಲ್ಲಿ ಬರೆಯುವ ಕ್ರಮ ಇಲ್ಲ, ಉಜ್ಜಿದರೆ ಹೋಗುತ್ತದೆ. ಎರಡು ಸಾಲಿನಲ್ಲಿ ಮುಗಿಯುವುದೂ ಅಲ್ಲ. ಅವನು ಕುಡಿಯುವವನಲ್ಲ ಎಂದಷ್ಟೇ ಬರೆದರೆ, ಕುಡಿಯದವ ಯಾಕೆ ರಸ್ತೆ ಬಿಟ್ಟ ಎಂದು ಕೇಳುತ್ತಾರೆ. ಅದಕ್ಕೂ ಉತ್ತರ ಅದೇ ಕಾಗದದಲ್ಲಿ ಇರಬೇಕು. ಆಫೀಸಿಗೆ ಒಂದು, ಕೋರ್ಟಿಗೆ ಒಂದು. ಕನ್ನಡದಲ್ಲೇ ಬರೆಯುತ್ತೇನೆ. ಅವನ ಮುಂದೆ ಓದುವಾಗ ಈ ಸಲ ಯಾರೂ ಅರ್ಥ ಹೇಳಬೇಕಾಗಿಲ್ಲ.

ಕುಮುದಿನೀ... ಕುಮುದಿನೀ, ಬಾಗಿಲು ತೆಗೆ. ನನ್ನ ಮೇಜಿನ ಮೇಲಿನ ಮಸಿಕುಡಿಕೆ ತಾ, ನಿಬ್ಬಿನ ಪೆನ್ನು ತಾ. ಹಾಳೆ ನಾಲ್ಕಾದರೂ ಇರಲಿ. ತಂದಿಟ್ಟು ಹೋಗಬೇಡ. ಇಲ್ಲಿ ನನ್ನ ಎದುರು ಕೂತುಕೋ. ಬರೆಯುತ್ತ ಹೋದ ಹಾಗೆ ಗಟ್ಟಿಯಾಗಿ ಓದುತ್ತೇನೆ, ಕೇಳು.